ರಿಕಿ ಕೇಜ್: ಜಿಂಗಲ್‌ನಿಂದ ಗ್ರ್ಯಾಮಿಯವರೆಗೆ

ಬೆಂಗಳೂರಿನ ರಿಕಿ ಕೇಜ್ ಅವರ ಸಂಗೀತದ ಬಲವೆಲ್ಲ ನಾದದ ಜೋಡಣೆಯಲ್ಲಿದೆ. 1981ರಲ್ಲಿ ಅಮೆರಿಕದಲ್ಲಿ ಹುಟ್ಟಿ ಬಾಲ್ಯದಲ್ಲೇ ಇಲ್ಲಿಗೆ ಬಂದ ಅವರು ದಂತವೈದ್ಯಕೀಯ ಓದಿದರೂ ಆ ವೃತ್ತಿ ಹಿಡಿಯಲಿಲ್ಲ. ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸಿದರು, ಸ್ವಂತ ಸ್ಟುಡಿಯೊ ಕಟ್ಟಿ ಸಾವಿರಾರು ಜಾಹೀರಾತು ಜಿಂಗಲ್ ಮಾಡಿದರು. ಜಿಂಗಲ್‌ಗೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲೇ ಕಿವಿ ಸೆಳೆದು, ಭಾವ ಮೂಡಿಸಿ, ಮುಗಿಸಬೇಕು. ಆ ಶಿಸ್ತಿನ ಲಾಭನಷ್ಟಗಳೆರಡೂ ಅವರ ಮುಂದಿನ ಕೆಲಸದಲ್ಲಿ ಕಾಣುತ್ತವೆ.

ಕನ್ನಡಿಗರಿಗೆ ಅವರು ಮೊದಲು ಪರಿಚಯವಾದದ್ದು ರಮೇಶ್ ಅರವಿಂದ್ ನಿರ್ದೇಶನದ ‘ಆಕ್ಸಿಡೆಂಟ್’ (2008) ಚಿತ್ರದಿಂದ. ಅದರ ‘ಬಾ ಮಳೆಯೇ ಬಾ’ ಬಿ.ಆರ್. ಲಕ್ಷ್ಮಣರಾವ್ ಅವರ ಕವಿತೆ. ಹಾಡಿದವರು ಸೋನು ನಿಗಮ್. ಮಳೆಗೆ ಮೊದಲು ತುಸು ತಡೆಯೆನ್ನುವ ಪ್ರೇಮಿ, ನಲ್ಲೆ ಬಂದಮೇಲೆ ಬಿಡದೆ ಸುರಿಯೆಂದು ಬೇಡುವ ಆ ತುಂಟತನಕ್ಕೆ ಸಂಗೀತ ಅಡ್ಡ ಬರುವುದಿಲ್ಲ. ವಾದ್ಯಗಳು ಹಿಂದೆ ಸರಿದು ಮಾತಿಗೆ ಜಾಗ ಬಿಡುತ್ತವೆ. ಇಂಥ ಸಂಯಮ ಅವರ ದೊಡ್ಡ ಆಲ್ಬಮ್‌ಗಳಲ್ಲಿ ಅಪರೂಪ.

ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆಗಿನ ‘ವಿಂಡ್ಸ್ ಆಫ್ ಸಂಸಾರ’ (2014) ಮರುವರ್ಷ ನ್ಯೂ ಏಜ್ ವಿಭಾಗದ ಗ್ರ್ಯಾಮಿ ಗೆದ್ದಿತು. ಅದೇ ವರ್ಷ ಪ್ಯಾರಿಸ್ ಹವಾಮಾನ ಸಮ್ಮೇಳನದ ವೇಳೆ ಅವರ ‘ಶಾಂತಿ ಸಂಸಾರ’ ಆಲ್ಬಮ್ ಬಿಡುಗಡೆಯಾಯಿತು. ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ ‘ಡಿವೈನ್ ಟೈಡ್ಸ್’ 2022ರಲ್ಲಿ ನ್ಯೂ ಏಜ್ ಆಲ್ಬಮ್ ಆಗಿ, 2023ರಲ್ಲಿ ಇಮ್ಮರ್ಸಿವ್ ಆಡಿಯೊ ಆಲ್ಬಮ್ ಆಗಿ ಗ್ರ್ಯಾಮಿ ಪಡೆಯಿತು. ಎರಡನೆಯ ವಿಭಾಗದಲ್ಲಿ ತೂಗುವುದು ಕೇಳುಗನ ಸುತ್ತಲೂ ತಲೆಯ ಮೇಲೂ ಒಂದೊಂದು ನಾದಕ್ಕೆ ಪ್ರತ್ಯೇಕ ನೆಲೆ ಕೊಡುವ ಕೌಶಲವನ್ನು. ಕೇಜ್ ಅವರ ನಿಜವಾದ ಹಿಡಿತ ಇರುವುದೂ ಅಲ್ಲೇ.

ಕೊರತೆ ಇರುವುದು ತಾಳ್ಮೆಯಲ್ಲಿ. ಸುತ್ತಲ ವಾತಾವರಣದಂತೆ ಆವರಿಸುವ ‘ಆಂಬಿಯೆಂಟ್’ ಸಂಗೀತದ ಬ್ರಯನ್ ಈನೊ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನಲ್ಲಿ ಕೆಲವೇ ಸ್ವರಗಳನ್ನು ನಿಧಾನಕ್ಕೆ ಸುತ್ತಿಸುತ್ತಾರೆ; 1980ರ ದಶಕದಲ್ಲಿ ಡೆಟ್ರಾಯ್ಟ್‌ನಲ್ಲಿ ಬೆಳೆದ ಎಲೆಕ್ಟ್ರಾನಿಕ್ ನೃತ್ಯಸಂಗೀತ ಟೆಕ್ನೊ ಒಂದೇ ಬಡಿತವನ್ನು ಪಟ್ಟುಹಿಡಿದು ಮುಂದುವರಿಸುತ್ತದೆ. ಆಂಬಿಯೆಂಟ್‌ಗೂ ಟೆಕ್ನೊಗೂ ಆವರ್ತನೆಯೇ ಬಂಡವಾಳ. ಕೇಜ್ ಮಾತ್ರ ಬೇಗ ಶಿಖರಕ್ಕೇರುತ್ತಾರೆ: ತಂತಿವಾದ್ಯಗಳು ಉಬ್ಬುತ್ತವೆ, ವೃಂದಗಾನ ಸೇರುತ್ತದೆ, ಕೇಳುಗನಿಗೆ ಏನನಿಸಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಅವರ ನಿಸರ್ಗವೂ ಭವ್ಯವೇ: ಹಿಮಾಲಯ, ಅಲೆ, ಕಾಡು. ಅವರದೇ ಊರಿನ ನಿಸರ್ಗ ಬೇರೆ ಬಗೆಯದು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿ ಹಕ್ಕಿಗಳ ಕೂಗಿನ ಮೇಲೆ ವಾಹನಗಳ ಮೊರೆತ, ವಾಯುನೆಲೆಯ ವಿಮಾನಗಳ ಅಬ್ಬರ ಹಾಯುತ್ತದೆ. ಇಂಥ ಕಲಬೆರಕೆ ಸದ್ದು ಆಂಬಿಯೆಂಟ್‌ಗೆ ಒಳ್ಳೆಯ ಸರಕು. ಕೇಜ್ ಅವರ ಹೊಳಪಿನ ಲೋಕದಲ್ಲಿ ಅದಕ್ಕೆ ಜಾಗ ಕಡಿಮೆ.

ಅವರು ಸಂಗೀತ ನೀಡಿದ, ಡೇವಿಡ್ ಅಟೆನ್‌ಬರೊ ನಿರೂಪಣೆಯ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೆ ಮಾತ್ರ ಈ ಭವ್ಯತೆ ಒಗ್ಗುತ್ತದೆ. ಆನೆ, ಹುಲಿಗಳ ದೃಶ್ಯಗಳು ದೊಡ್ಡ ನಾದವನ್ನು ತಾವೇ ಕೇಳುತ್ತವೆ, ನಿರೂಪಕನ ದನಿ ಅದಕ್ಕೆ ಕಡಿವಾಣ ಹಾಕುತ್ತದೆ. 2025ರಲ್ಲಿ ಪದ್ಮಶ್ರೀ ಪಡೆದ ಈ ಕಲಾವಿದ ಚಿತ್ರಕ್ಕೋ ಕವಿತೆಗೋ ಕಟ್ಟುಬಿದ್ದಾಗ ಕೊಡುವ ಸಂಗೀತವೇ ಸ್ವತಂತ್ರ ಆಲ್ಬಮ್‌ಗಳಿಗಿಂತ ಹೆಚ್ಚು ಗಟ್ಟಿ.