ಭುಜ ಕೈಕೊಟ್ಟ ಮೇಲೆ

ವೇಗದ ಬೌಲರನ ನಿವೃತ್ತಿ ಹೆಚ್ಚಾಗಿ ಭುಜ, ಬೆನ್ನು ಅಥವಾ ಮಂಡಿಯಿಂದ ಶುರುವಾಗುತ್ತದೆ. ಆಟ ಯಾವಾಗ ಮುಗಿಯಬೇಕು ಎಂಬುದನ್ನು ತೀರ್ಮಾನಿಸುವುದು ಮಾತ್ರ ಕೈಯಲ್ಲಿರುವ ಒಪ್ಪಂದ. ಒಪ್ಪಂದ ಇದ್ದವನು ವೈದ್ಯರು ಹೇಳಿದಷ್ಟು ದಿನ ಕೂತು ವಾಸಿ ಮಾಡಿಕೊಳ್ಳುತ್ತಾನೆ. ಇಲ್ಲದವನು ನೋವು ನುಂಗಿಕೊಂಡು ಬೇಗ ಮರಳುತ್ತಾನೆ, ಇಲ್ಲವೇ ತನ್ನ ಜಾಗ ಇನ್ನೊಬ್ಬನ ಪಾಲಾಗುವುದನ್ನು ನೋಡುತ್ತಾನೆ. ಹಾಸನ ಜಿಲ್ಲೆಯ ನಂಟಿರುವ ಇಬ್ಬರು ಟೆಸ್ಟ್ ಬೌಲರುಗಳ ಕತೆಯಲ್ಲಿ ಈ ಎರಡೂ ಕಾಣುತ್ತವೆ. ಒಬ್ಬರು ಹಳೇಬೀಡಿನಿಂದ ಬಾಣಾವರಕ್ಕೆ ಹೋಗುವ ದಾರಿಯ ಜಾವಗಲ್ಲನ್ನು ಹೆಸರಿನಲ್ಲೇ ಹೊತ್ತ ಜಾವಗಲ್ ಶ್ರೀನಾಥ್. ಇನ್ನೊಬ್ಬರು ಜಾವಗಲ್ ಇರುವ ತಾಲ್ಲೂಕಿನ ಕೇಂದ್ರವಾದ ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್.

ಮೊದಲು ಭುಜದ ವಿಚಾರ. ತೋಳಿನ ಮೂಳೆಯ ದುಂಡು ತಲೆ ಹೆಗಲ ಮೂಳೆಯ ಆಳವಿಲ್ಲದ ಕುಳಿಯಲ್ಲಿ ಕೂತಿರುತ್ತದೆ. ಸೊಂಟದ ಕೀಲಿನಲ್ಲಾದರೆ ಮೂಳೆಯೇ ಮೂಳೆಯನ್ನು ಹಿಡಿದಿಡುತ್ತದೆ. ಇಲ್ಲಿ ಆ ಕೆಲಸ ನಾಲ್ಕು ಸಣ್ಣ ಸ್ನಾಯುಗಳದ್ದು ಮತ್ತು ಅವುಗಳ ಸ್ನಾಯುರಜ್ಜುಗಳದ್ದು. ಈ ಸುತ್ತುಗಟ್ಟನ್ನೇ ವೈದ್ಯರು ರೊಟೇಟರ್ ಕಫ್ ಎನ್ನುವುದು. ತೋಳು ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವುದು ಈ ಸಡಿಲ ಏರ್ಪಾಡಿನಿಂದಲೇ, ಕೆಡುವುದೂ ಇದರಿಂದಲೇ. ಚೆಂಡು ಬಿಡುವ ತನಕ ತೋಳಿಗೆ ವೇಗ ಕೊಡುವವು ಎದೆ, ಬೆನ್ನಿನ ದೊಡ್ಡ ಸ್ನಾಯುಗಳು. ಚೆಂಡು ಕೈಬಿಟ್ಟ ಮೇಲೂ ತೋಳು ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ, ಅದನ್ನು ತಡೆದು ನಿಲ್ಲಿಸಬೇಕಾದವು ಹಿಂಬದಿಯ ಈ ಸಣ್ಣವು. ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿಯನ್ನು ತಡೆಹಿಡಿಯುವ ಎತ್ತುಗಳ ಪಾಡು ಅವುಗಳದ್ದು. ದಿನಕ್ಕೆ ಇಪ್ಪತ್ತು ಓವರ್ ಎಂದರೆ ನೂರಿಪ್ಪತ್ತು ಸಲ, ನೆಟ್ಸ್‌ನ ಲೆಕ್ಕ ಬೇರೆ.

ಕೆಡುಕು ಬೌಲಿಂಗ್‌ನಲ್ಲಿ ಮೊದಲು ಕಾಣಿಸುವುದಿಲ್ಲ. ಬೌಂಡರಿಯಿಂದ ಚೆಂಡನ್ನು ಕೀಪರ್ ಕೈಗೆ ನೇರ ಎಸೆಯುತ್ತಿದ್ದವನು ಹತ್ತಿರ ನಿಂತವನಿಗೆ ಕೈಕೆಳಗಿನಿಂದ ತಳ್ಳಲು ಶುರುಮಾಡುತ್ತಾನೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ತಲೆಯ ಮೇಲಿನ ಅಟ್ಟದಿಂದ ಏನಾದರೂ ಇಳಿಸುವಾಗ ತೋಳು ಅರ್ಧದಲ್ಲಿ ಚುಳ್ಳೆನ್ನುತ್ತದೆ. ಈ ಹಂತದಲ್ಲಿ ವಿಶ್ರಾಂತಿ, ರಬ್ಬರ್ ಪಟ್ಟಿ ಕಟ್ಟಿಕೊಂಡು ಮಾಡುವ ವ್ಯಾಯಾಮ ಇವುಗಳಿಂದ ಬಹಳಷ್ಟು ಮಂದಿ ಸರಿಹೋಗುತ್ತಾರೆ. ರಜ್ಜು ಪೂರ್ತಿ ಹರಿದರೆ ಸಾಮಾನ್ಯವಾಗಿ ಹೊಲಿಗೆಯೇ ಗತಿ, ಆಮೇಲೆ ತಿಂಗಳುಗಟ್ಟಲೆ ಚೆಂಡು ಮುಟ್ಟುವಂತಿಲ್ಲ.

ಶ್ರೀನಾಥ್ ಮೈಸೂರಿನಲ್ಲಿ 1969ರ ಆಗಸ್ಟ್ 31ರಂದು ಹುಟ್ಟಿದವರು, ಅಲ್ಲಿಯ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರೂ ತವರು ನೆಲದ ಮೊದಲ ಟೆಸ್ಟ್‌ಗೆ 1994ರ ಕೊನೆಯವರೆಗೆ ಕಾಯಬೇಕಾಯಿತು. ಆಗಿನ ಲೆಕ್ಕ ಸರಳ: ಭಾರತದ ಪಿಚ್‌ಗೆ ಸ್ಪಿನ್ನರುಗಳು ಸಾಕು, ಹೊಸ ಚೆಂಡಿಗೆ ಕಪಿಲ್ ದೇವ್ ಇದ್ದಾರೆ. ವಿದೇಶದಲ್ಲಿ ಬೆವರು ಹರಿಸಲು ಮಾತ್ರ ಶ್ರೀನಾಥ್ ಬೇಕಿತ್ತು. ದೇಹ ಅತ್ಯಂತ ಗಟ್ಟಿಯಿದ್ದ ಮೂರು ವರ್ಷಗಳ ಬಹುಪಾಲು ಹೀಗೆ ಹನ್ನೆರಡನೆಯವನ ಬೆಂಚಿನಲ್ಲಿ ಕಳೆಯಿತು. ಭಾರತೀಯ ಕ್ರಿಕೆಟ್ ಮಾಡಿಕೊಂಡ ದುಂದುಗಳ ಪಟ್ಟಿ ಮಾಡಿದರೆ ಇದು ಮೇಲಿನ ಸಾಲಿನಲ್ಲೇ ಬರಬೇಕು.

ಕೈಯಲ್ಲಿ ಬರೆದ ಒಪ್ಪಂದ ಎಂಬುದು ಆ ಪೀಳಿಗೆಯವರಿಗೆ ಸಿಗುತ್ತಿದ್ದುದು ಇಂಗ್ಲೆಂಡಿನ ಕೌಂಟಿಗಳಲ್ಲಿ. 1995ರಲ್ಲಿ ಶ್ರೀನಾಥ್ ಗ್ಲಾಸ್ಟರ್‌ಶೈರ್ ಪರ ಒಂದೇ ಋತುವಿನಲ್ಲಿ 87 ವಿಕೆಟ್ ಉರುಳಿಸಿದರು. ಗ್ಲಾಮರ್ಗನ್ ವಿರುದ್ಧ ಅಬರ್ಗೆವೆನಿಯಲ್ಲಿ ಒಂದು ಇನಿಂಗ್ಸ್‌ಗೆ 76 ರನ್ ಕೊಟ್ಟು ಒಂಬತ್ತು ವಿಕೆಟ್ ಪಡೆದದ್ದು ಆ ವರ್ಷವೇ. ಸಂಬಳ ಕೌಂಟಿಯದು, ಓವರುಗಳ ಭಾರ ಮಾತ್ರ ಭಾರತಕ್ಕೂ ಬೇಕಾಗಿದ್ದ ಅದೇ ಭುಜದ್ದು.

1996ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ದೆಹಲಿಯ ಕೋಟ್ಲಾ ಟೆಸ್ಟ್‌ಗೆ ಗಾಯಾಳು ಶ್ರೀನಾಥ್ ಸಿಗಲಿಲ್ಲ. ಅವರ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್. ಜಾವಗಲ್‌ನ ಹೆಸರಿಗೆ ಬದಲಾಗಿ ಅರಸೀಕೆರೆಯಲ್ಲಿ ಹುಟ್ಟಿದವನು! ಆ ಹನ್ನೊಂದರಲ್ಲಿ ವೆಂಕಟೇಶ್ ಪ್ರಸಾದ್, ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ರಾಹುಲ್ ದ್ರಾವಿಡ್ ಕೂಡ ಇದ್ದರು. ಕರ್ನಾಟಕದ ಐವರು ಒಂದೇ ಟೆಸ್ಟ್‌ನಲ್ಲಿ ಆಡಿದ ದಿನಗಳವು. ಜಾನ್ಸನ್‌ಗೆ ಅಲ್ಲಿ ಮೈಕೆಲ್ ಸ್ಲೇಟರ್ ವಿಕೆಟ್ ಸಿಕ್ಕಿತು. ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಇನ್ನೆರಡು. ಅಲ್ಲಿಗೆ ಎರಡು ಟೆಸ್ಟ್, ಮೂರು ವಿಕೆಟ್‌ಗೆ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. ನಿಯಂತ್ರಣ ಕಳೆದುಕೊಂಡರೂ ವೇಗ ಅವರಲ್ಲಿ ಧಾರಾಳವಿತ್ತು. ಅಂಥವನನ್ನು ವರ್ಷವಿಡೀ ಸಂಬಳ ಕೊಟ್ಟು ತಿದ್ದಿ ಇಟ್ಟುಕೊಳ್ಳುವ ಪದ್ಧತಿ ಆಗ ಇರಲಿಲ್ಲ. ಆಯ್ಕೆಯಾದರೆ ಪಂದ್ಯದ ಶುಲ್ಕ, ಇಲ್ಲವಾದರೆ ರಣಜಿ ಮತ್ತು ಎಲ್ಲಾದರೂ ಒಂದು ನೌಕರಿ. ಪ್ರಥಮ ದರ್ಜೆಯಲ್ಲಿ 125 ವಿಕೆಟ್ ಪಡೆದ ಜಾನ್ಸನ್ 2024ರ ಜೂನ್‌ನಲ್ಲಿ ತೀರಿಕೊಂಡರು.

ಶ್ರೀನಾಥ್ ಮರಳಿದ್ದು ನವೆಂಬರ್‌ನಲ್ಲಿ. ಅಹಮದಾಬಾದ್‌ನಲ್ಲಿ 170 ರನ್ ಬೆನ್ನಟ್ಟಿದ ದಕ್ಷಿಣ ಆಫ್ರಿಕಾ 105ಕ್ಕೆ ಕುಸಿಯಿತು, ಶ್ರೀನಾಥ್‌ಗೆ 21 ರನ್ನಿಗೆ ಆರು ವಿಕೆಟ್. ನಾಲ್ಕು ತಿಂಗಳೊಳಗೆ ಭುಜ ಪೂರ್ತಿ ಕೈಕೊಟ್ಟಿತು. 1997ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಟೆಸ್ಟ್ ಸರಣಿ ಆಡದೆಯೇ ಅವರು ತಾಯ್ನಾಡಿಗೆ ಹಿಂತಿರುಗಿ, ರೊಟೇಟರ್ ಕಫ್‌ನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಆಯ್ಕೆಗಾರರು ಅವರ ಬದಲಿಗೆ ಕಳಿಸಿದ್ದು ಹೈದರಾಬಾದಿನ ನೋಯಲ್ ಡೇವಿಡ್ ಎಂಬ ಆಫ್ ಸ್ಪಿನ್ನರನ್ನು. ವೇಗಿಯ ಬದಲಿಗೆ ಸ್ಪಿನ್ನರ್ ಯಾಕೆ ಎಂಬ ಪ್ರಶ್ನೆಗೆ ಇಂದಿಗೂ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಬಾರ್ಬಡೋಸ್‌ನಲ್ಲಿ 120 ರನ್ ಬೆನ್ನಟ್ಟಲಾಗದೆ ಭಾರತ 81ಕ್ಕೆ ಆಲೌಟಾದ ಸರಣಿ ಅದು. ಸೋಲು ಬ್ಯಾಟಿಂಗ್‌ನದೇ ಆದರೂ ಶ್ರೀನಾಥ್ ಇದ್ದಿದ್ದರೆ ಗುರಿಯೇ ಇನ್ನೂ ಚಿಕ್ಕದಿರುತ್ತಿತ್ತು ಎನ್ನುವವರ ಮಾತು ತೆಗೆದುಹಾಕುವಂಥದ್ದಲ್ಲ.

ಇಪ್ಪತ್ತೇಳರ ವಯಸ್ಸಿನಲ್ಲಿ ಬೌಲಿಂಗ್ ಭುಜಕ್ಕೆ ಕತ್ತರಿ ಬಿದ್ದರೆ ಆ ಕಾಲದಲ್ಲಿ ಅದನ್ನು ಕೊನೆಯೆಂದೇ ಬಗೆಯುತ್ತಿದ್ದರು. ಕೇಂದ್ರ ಒಪ್ಪಂದವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಹುಟ್ಟಲು ಇನ್ನೂ ಮೂರು ವರ್ಷವಿತ್ತು. ಹಾಗಿದ್ದೂ 1997 ಮುಗಿಯುವ ಮುನ್ನ ಶ್ರೀನಾಥ್ ಮತ್ತೆ ಟೆಸ್ಟ್ ಆಡಿದರು. ಅವರ 236 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 132 ರನ್ನಿಗೆ ಹದಿಮೂರು ವಿಕೆಟ್ ಪಡೆದದ್ದು ಹೊಲಿಗೆ ಬಿದ್ದ ಅದೇ ಭುಜದಿಂದ. ಭಾರತ ಆ ಪಂದ್ಯ ಸೋತಿದ್ದರಿಂದ ಈ ಬೌಲಿಂಗ್‌ಗೆ ಸಲ್ಲಬೇಕಾದ ಮಾತು ಸಂದಿಲ್ಲ.

ಅವರ ವಿದಾಯವೂ ಒಂದೇ ಸಲಕ್ಕೆ ಆಗಲಿಲ್ಲ. 2002ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಟೆಸ್ಟ್ ಸಾಕೆಂದರು, ಏಕದಿನಕ್ಕೆ ಮಾತ್ರ ಉಳಿದರು, ಬೇಸಿಗೆಯಲ್ಲಿ ಲೆಸ್ಟರ್‌ಶೈರ್ ಕೌಂಟಿಗೆ ಆಡಿದರು. ನಾಯಕ ಸೌರವ್ ಗಂಗೂಲಿ ಮನವೊಲಿಸಿದ್ದರಿಂದ ಅಕ್ಟೋಬರ್‌ನಲ್ಲಿ ಮತ್ತೆ ಟೆಸ್ಟ್‌ಗೆ ಇಳಿದರು. ಕೋಲ್ಕತ್ತದಲ್ಲಿ ಆಡಿದ 67ನೆಯ ಟೆಸ್ಟೇ ಕೊನೆಯದಾಯಿತು. 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ಪಡೆದವರು ಫೈನಲ್‌ನಲ್ಲಿ ಹತ್ತು ಓವರಿಗೆ 87 ರನ್ ತೆತ್ತರು. ಅದರೊಂದಿಗೆ 229 ಏಕದಿನ ಪಂದ್ಯ, 315 ವಿಕೆಟ್‌ಗಳ ಲೆಕ್ಕ ಮುಗಿಯಿತು. ಈ ಇಡೀ ಹೋಗಿಬಂದಾಟದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಕ್ರಿಕೆಟ್ ಮಂಡಳಿಗೂ ಬೌಲರಿಗೂ ನಡುವೆ ವರ್ಷದ ಕರಾರು ಇರಲಿಲ್ಲ, ಇದ್ದದ್ದು ನಾಯಕನ ಮಾತು. ಬಾಯಿಮಾತಿನ ಮೇಲೆ ಬಿಟ್ಟವರು ಬಾಯಿಮಾತಿನ ಮೇಲೆ ಬಂದರು. ಚೆನ್ನಾಗಿ ಮುಗಿದದ್ದು ಆ ಇಬ್ಬರ ಗುಣದಿಂದ, ಪದ್ಧತಿಯಿಂದಲ್ಲ.

ಪದ್ಧತಿ ಬಂದದ್ದು ಶ್ರೀನಾಥ್ ಹೋದ ಮೇಲೆ. 2004ರ ಕೊನೆಗೆ ಬಿಸಿಸಿಐ ಆಟಗಾರರನ್ನು ಎ, ಬಿ, ಸಿ ಎಂದು ವಿಂಗಡಿಸಿ 50, 35, 20 ಲಕ್ಷ ರೂಪಾಯಿಯ ವಾರ್ಷಿಕ ಒಪ್ಪಂದ ಕೊಟ್ಟಿತು. ಗಾಯಗೊಂಡವನಿಗೂ ವರ್ಷದ ಸಂಬಳ ನಿಲ್ಲುವುದಿಲ್ಲ ಎಂಬುದೇ ಅದರ ಸಾರ. ಅದಕ್ಕೆ ಪ್ರತಿಯಾಗಿ ದೇಹದ ಮೇಲಿನ ಒಂದಷ್ಟು ಹಕ್ಕು ಮಂಡಳಿಗೆ ಹೋಯಿತು. ಎಲ್ಲಿ ಚಿಕಿತ್ಸೆ, ಯಾವಾಗ ಬೌಲಿಂಗ್, ಯಾವ ಪಂದ್ಯಕ್ಕೆ ಫಿಟ್ ಎಂಬುದಕ್ಕೆಲ್ಲ ಅಕಾಡೆಮಿಯ ಮುದ್ರೆ ಬೇಕಾಯಿತು.

ಇದರ ಫಲ ಸ್ಪಷ್ಟವಾಗಿ ಕಂಡದ್ದು ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರಲ್ಲಿ. 2022ರ ಹರಾಜಿನಲ್ಲಿ ರಾಜಸ್ಥಾನ ರಾಯಲ್ಸ್ ಅವರಿಗೆ ಹತ್ತು ಕೋಟಿ ಕೊಟ್ಟಿತು. ಬೆನ್ನುಮೂಳೆಯ ಬಿರುಕಿನಿಂದ 2023ರ ಐಪಿಎಲ್ ತಪ್ಪಿತು. ಮರಳಿ ಬಂದು ಡಿಸೆಂಬರ್‌ನಲ್ಲಿ ಟೆಸ್ಟ್ ಆಡಿದರು. ರಣಜಿ ಪಂದ್ಯದಲ್ಲಿ ಎಡತೊಡೆಯ ಸ್ನಾಯುರಜ್ಜು ಕೆಟ್ಟು, 2024ರ ಫೆಬ್ರುವರಿ 23ರಂದು ಶಸ್ತ್ರಚಿಕಿತ್ಸೆ ಆಯಿತು. ಐದು ದಿನದ ಬಳಿಕ, ಫೆಬ್ರುವರಿ 28ರಂದು, ಮಂಡಳಿ ಪ್ರಕಟಿಸಿದ ಒಪ್ಪಂದದ ಪಟ್ಟಿಯಲ್ಲಿ ಸಿ ದರ್ಜೆಯಲ್ಲಿ ಅವರ ಹೆಸರಿತ್ತು. ಆ ದರ್ಜೆಗೆ ವರ್ಷಕ್ಕೆ ಒಂದು ಕೋಟಿ. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದವನಿಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ. 2025ರ ಐಪಿಎಲ್‌ನಲ್ಲಿ ಗುಜರಾತ್ ಟೈಟನ್ಸ್ ಪರ 25 ವಿಕೆಟ್ ಪಡೆದು ನೇರಳೆ ಟೋಪಿ ಧರಿಸಿದವರು ಇವರೇ. 2024ರ ಅದೇ ಪಟ್ಟಿಯೊಂದಿಗೆ ಐವರು ಯುವ ವೇಗಿಗಳಿಗೆ ಪ್ರತ್ಯೇಕ ಬೌಲಿಂಗ್ ಒಪ್ಪಂದದ ಶಿಫಾರಸೂ ಆಯಿತು. ಅವರಲ್ಲಿ ವೈಶಾಖ್ ವಿಜಯಕುಮಾರ್, ವಿದ್ವತ್ ಕಾವೇರಪ್ಪ ಕರ್ನಾಟಕದವರು. ಜಾನ್ಸನ್‌ಗೆ ಬೇಕಿದ್ದದ್ದು ಇದೇ. ಇಪ್ಪತ್ತೇಳು ವರ್ಷ ತಡವಾಗಿ ಬಂತು.

ಗಾಯದ ಲೆಕ್ಕವನ್ನು ಕಾಗದಕ್ಕೆ ಇಳಿಸುವುದರಲ್ಲಿ ರಗ್ಬಿ ಲೀಗ್ ಇನ್ನೂ ಮುಂದಿದೆ. ಆ ಆಟ ಹುಟ್ಟಿದ್ದೇ ಕೂಲಿಯ ಜಗಳದಿಂದ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರ ಭಾಗದ ಕ್ಲಬ್‌ಗಳು ಮೂಲ ರಗ್ಬಿ ಸಂಘದಿಂದ ಹೊರಬಂದವು. ಗಿರಣಿ, ಗಣಿ ಕಾರ್ಮಿಕರು ಪಂದ್ಯಕ್ಕಾಗಿ ಕಳೆದುಕೊಳ್ಳುವ ಕೂಲಿಯನ್ನು ತುಂಬಿಕೊಡಬೇಕು ಎಂಬುದು ಅವರ ಪಟ್ಟು. ಇಂದು ಆಸ್ಟ್ರೇಲಿಯಾದ ಲೀಗ್‌ನಲ್ಲಿ ಪ್ರತಿ ಕ್ಲಬ್‌ಗೂ ಸಂಬಳದ ಒಟ್ಟು ಮಿತಿ ಇದೆ. ಹಲವು ವರ್ಷದ ಒಪ್ಪಂದದಲ್ಲಿರುವ ಆಟಗಾರ ಗಾಯದಿಂದ ಆಡಲಾರ ಎಂದು ಲೀಗ್ ವೈದ್ಯಕೀಯವಾಗಿ ಒಪ್ಪಿದರೆ, ಉಳಿದ ಹಣವನ್ನು ಆ ಮಿತಿಯ ಲೆಕ್ಕದಿಂದ ಬಿಡುವ ಅವಕಾಶವಿದೆ. ಸೌತ್ ಸಿಡ್ನಿಯ ನಾಯಕ ಸ್ಯಾಮ್ ಬರ್ಜೆಸ್ 2019ರ ಅಕ್ಟೋಬರ್‌ನಲ್ಲಿ, ಮೂವತ್ತರ ವಯಸ್ಸಿನಲ್ಲಿ, ಭುಜದ ಗಾಯದಿಂದಲೇ ನಿವೃತ್ತರಾದಾಗ ಒಪ್ಪಂದದ ವರ್ಷಗಳು ಇನ್ನೂ ಬಾಕಿಯಿದ್ದವು. ಕ್ಲಬ್ ಈ ರಿಯಾಯಿತಿಗೆ ಅರ್ಜಿ ಹಾಕಿತು. ಇಂಥ ಬಾಗಿಲಿಲ್ಲದಿದ್ದರೆ ಕ್ಲಬ್ ಗಾಯಾಳುವನ್ನು ಮೈದಾನಕ್ಕೆ ತಳ್ಳುತ್ತದೆ, ಆಟಗಾರ ಹಣ ಬಿಡಲಾರದೆ ನೋವು ಮುಚ್ಚಿಡುತ್ತಾನೆ.

ಹಾಸನ ಜಿಲ್ಲೆಯಲ್ಲಿ ರಗ್ಬಿಗೆ ಹತ್ತಿರದ ಆಟವೆಂದರೆ ಕಬಡ್ಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೊನಲು ಬೆಳಕಿನ ಪಂದ್ಯಾವಳಿಯ ಕರಪತ್ರ ನೋಡಿದರೆ ಪ್ರವೇಶ ಶುಲ್ಕ, ಪ್ರಥಮ ಬಹುಮಾನ, ಟ್ರೋಫಿ ಕೊಡುಗೆ ನೀಡುವವರ ಭಾವಚಿತ್ರ ಎಲ್ಲ ಇರುತ್ತವೆ, ಗಾಯಾಳುವಿಗೆ ಏನು ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಟೆನಿಸ್ ಬಾಲ್ ಕ್ರಿಕೆಟ್‌ನದೂ ಇದೇ ಕತೆ. ರೈಡರನ ಮಂಡಿ ತಿರುಚಿದರೆ ಆ ರಾತ್ರಿ ಐಸು, ಸ್ಪ್ರೇ, ಮಾರನೆ ದಿನ ನಾಟಿ ವೈದ್ಯರ ಪಟ್ಟು. ಊತ ಇಳಿದ ಮೇಲೂ ಮಂಡಿ ಕಳಚಿದಂತಾದಾಗ ಮಾತ್ರ ಹಾಸನದ ಹಿಮ್ಸ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು. ಅಷ್ಟು ಹೊತ್ತಿಗೆ ಹರಿದ ಲಿಗಮೆಂಟ್ ಜೊತೆಗೆ ಒಳಗಿನ ಮೆದುಮೂಳೆಯೂ ಸವೆದಿರಬಹುದು.

ಹಳ್ಳಿಯ ಆಟಗಾರನಿಗೆ ಈಗ ಸಿಗಬಹುದಾದ ಕಾಗದಗಳು ಎರಡು. ವರ್ಷಕ್ಕೆ ಇಪ್ಪತ್ತು ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದಲ್ಲಿ ಸತ್ತರೆ ಎರಡು ಲಕ್ಷ ಕೊಡುತ್ತದೆ. ಒಂದು ಕೈ, ಕಾಲು ಅಥವಾ ಕಣ್ಣು ಶಾಶ್ವತವಾಗಿ ಹೋದರೆ ಒಂದು ಲಕ್ಷ. ಹರಿದ ಲಿಗಮೆಂಟ್ ಇದರಲ್ಲಿ ಬರುವುದಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಗೆ ರಕ್ಷಣೆ ಇದೆ, ಆದರೆ ಅದು ಆಸ್ಪತ್ರೆಯ ಖರ್ಚಿಗೆ ಮಾತ್ರ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ಆಡಲು ಸುಮಾರು ಒಂಬತ್ತು ತಿಂಗಳು ಬೇಕು. ಆಲೂಗಡ್ಡೆ ಕೀಳುವ, ಮೂಟೆ ಹೊರುವ ಕೆಲಸಕ್ಕೆ ಮರಳಲೂ ತಿಂಗಳುಗಳೇ ಹಿಡಿಯುತ್ತವೆ. ಆ ತಿಂಗಳುಗಳ ಕೂಲಿಯನ್ನು ತುಂಬಿಕೊಡುವ ಕಾಗದ, 1895ರಲ್ಲಿ ಹಡರ್ಸ್‌ಫೀಲ್ಡ್‌ನವರು ಕೇಳಿದಂಥದ್ದು, ಇಲ್ಲಿಯ ಪಂದ್ಯಾವಳಿಗಳಲ್ಲಿ ಇನ್ನೂ ಬಂದಿಲ್ಲ. ಪ್ರವೇಶ ಶುಲ್ಕದಲ್ಲೇ ಒಂದು ಪಾಲು ತೆಗೆದಿಟ್ಟು ಗಾಯಾಳು ನಿಧಿ ಮಾಡಲು ಸಂಘಟಕರಿಗೆ ಯಾವ ಮಂಡಳಿಯ ಅಪ್ಪಣೆಯೂ ಬೇಕಿಲ್ಲ.