ಕಷಾಯಕ್ಕೆ ಕೊಳ್ಳುವ ಸಾಮಾನು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ನೆಗಡಿ, ಅಜೀರ್ಣ, ಗಂಟಲುಕೆರೆತಗಳಿಗೆ ಮೊದಲು ಒಲೆಯ ಮೇಲೇರುವುದು ಕಷಾಯದ ಪಾತ್ರೆಯೇ ಆದರೂ, ಆ ಕಷಾಯ ಹೇಗೆ ಬರುತ್ತದೆ ಎಂಬುದು ಅದನ್ನು ಕುದಿಸುವ ಹೊತ್ತಿಗಿಂತ ಬಹಳ ಮೊದಲು, ಸಾಮಾನು ಕೊಳ್ಳುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಮನೆಮದ್ದಿನ ಕುರಿತು ಬರುವ ಬರಹಗಳು ಯಾವ ರೋಗಕ್ಕೆ ಯಾವ ಬೇರು ಎಂದು ಹೇಳುವುದರಲ್ಲಿ ಧಾರಾಳವಾಗಿದ್ದು, ಆ ಬೇರು ಹಳೆಯದೋ ಹೊಸದೋ, ಅಸಲಿಯೋ ನಕಲಿಯೋ, ಎಷ್ಟು ಹಾಕಬೇಕು ಎಂಬ ವಿಷಯಕ್ಕೆ ಬಂದಾಗ ಜಿಪುಣವಾಗುತ್ತವೆ. ಕಾಫಿಬೀಜದ ಹುರಿತ, ಚಿಕೋರಿಯ ಪಾಲು ಇವುಗಳ ಬಗ್ಗೆ ಗಂಟೆಗಟ್ಟಲೆ ವಾದಿಸುವ ಈ ಬಡಾವಣೆಗಳ ಜನ ಶುಂಠಿಯ ಬಗ್ಗೆ ಅದರ ಕಾಲು ಭಾಗದಷ್ಟೂ ತಲೆಕೆಡಿಸಿಕೊಳ್ಳದಿರುವುದು ಆಶ್ಚರ್ಯವೇ ಸರಿ.

ಈ ಬಡಾವಣೆಗಳ ಹುಟ್ಟಿಗೂ ಆರೋಗ್ಯದ ಚಿಂತೆಗೂ ನೇರವಾದ ಸಂಬಂಧವಿದೆ. ಚಾಮರಾಜಪೇಟೆ 1892ರ ಸುಮಾರಿಗೆ ರೂಪುಗೊಂಡರೆ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ, ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರತರುವ ಅಗತ್ಯ ತೀವ್ರವಾದಾಗ ಬೆಳೆದವು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳು, ಗಾಳಿಬೆಳಕು ಆಡುವಂತೆ ಸುತ್ತ ಬಿಟ್ಟ ಅಂಗಳ ಇವೆಲ್ಲವೂ ಆ ಚಿಂತೆಯ ಫಲ. ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ, ಮಿಂಟೋ ಕಣ್ಣಾಸ್ಪತ್ರೆ 1913ರಲ್ಲಿ. ಎರಡೂ ಚಾಮರಾಜಪೇಟೆಗೆ ನಡಿಗೆಯ ದೂರದವು. ಅಂಗಳದ ತುಳಸಿ, ದೊಡ್ಡಪತ್ರೆ, ಕರಿಬೇವು ಮತ್ತು ಹತ್ತಿರದ ಆಸ್ಪತ್ರೆ ಇವು ಒಂದೇ ಕಾಲದಲ್ಲಿ ಒಂದೇ ಸಂಸಾರಕ್ಕೆ ದಕ್ಕಿದ್ದವಾದ್ದರಿಂದ, ಇಲ್ಲಿನ ಮನೆಮದ್ದು ವೈದ್ಯರಿಲ್ಲದ ಊರಿನ ಅನಿವಾರ್ಯವಾಗಿರಲಿಲ್ಲ. ಕಷಾಯ ಕುಡಿದವರೇ ಜ್ವರ ಇಳಿಯದಿದ್ದರೆ ಡಾಕ್ಟರ ಬಳಿಗೆ ಹೋಗುತ್ತಿದ್ದರು, ಇವೆರಡರ ನಡುವೆ ಜಗಳವಿದೆ ಎಂಬ ಭಾವನೆ ಈಚಿನದು.

ಅಂಗಳದಲ್ಲಿ ಬೆಳೆಯದ ಸಾಮಾನಿಗೆ ಇರುವುದು ಗ್ರಂಧಿಗೆ ಅಂಗಡಿ. ಒಣಗಿದ ಬೇರು, ತೊಗಟೆ, ಕಾಯಿ, ಅಂಟುಗಳನ್ನು ಪೂಜೆಯ ಅರಿಶಿನ, ಕುಂಕುಮ, ಕರ್ಪೂರ, ಸಾಂಬ್ರಾಣಿಗಳ ಜೊತೆಗೇ ಮಾರುವ ಅಂಗಡಿಗೆ ಈ ಹೆಸರು. ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಸುತ್ತಮುತ್ತ ಇವು ಇಂದಿಗೂ ಇದ್ದು, ಹಿಪ್ಪಲಿ, ಅತಿಮಧುರ, ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿಗಳನ್ನು ತೂಗಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತವೆ. ಇಲ್ಲಿ ಕೊಳ್ಳುವುದರ ದೊಡ್ಡ ಅನುಕೂಲವೆಂದರೆ ವಸ್ತುವನ್ನು ಇಡಿಯಾಗಿ ನೋಡಲು ಸಾಧ್ಯವಾಗುವುದು. ಪುಡಿಯಾದ ಮೇಲೆ ಎಲ್ಲವೂ ಕಂದು ಬಣ್ಣದ ಒಂದೇ ಪದಾರ್ಥ. ಅದರೊಳಗೆ ಏನಿದೆ ಎಂದು ಕಣ್ಣಿಗೂ ಮೂಗಿಗೂ ತಿಳಿಯದು.

ಕಷಾಯವೆಂದು ಮನೆಗಳಲ್ಲಿ ಕರೆಯುವ ವಸ್ತು ಶಾಸ್ತ್ರದ ಕಷಾಯಕ್ಕಿಂತ ಬೇರೆ ಎಂಬುದನ್ನು ಮೊದಲೇ ಗಮನಿಸಬೇಕು. ಆಯುರ್ವೇದವು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯ ಕಷಾಯಗಳನ್ನು ಹೇಳುತ್ತದೆ. ಅಂದರೆ ಕ್ರಮವಾಗಿ ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಬತ್ತಿಸಿದ್ದು, ತಣ್ಣೀರಿನಲ್ಲಿ ನೆನೆಸಿದ್ದು, ಬಿಸಿನೀರಿನಲ್ಲಿ ಅದ್ದಿ ಸೋಸಿದ್ದು. ಶಾರ್ಙ್ಗಧರ ಸಂಹಿತೆಯ ಪ್ರಕಾರ ಕ್ವಾಥಕ್ಕೆ ಒಂದು ಪಲ, ಎಂದರೆ ಸುಮಾರು 48 ಗ್ರಾಂ, ಕುಟ್ಟಿದ ದ್ರವ್ಯವನ್ನು ಹದಿನಾರರಷ್ಟು ನೀರಿನಲ್ಲಿ ಹಾಕಿ ಎಂಟನೆಯ ಒಂದು ಭಾಗ ಉಳಿಯುವವರೆಗೆ ಕಾಯಿಸಬೇಕು. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಎರಡು ಕುದಿ ಬರಿಸಿ, ಬೆಲ್ಲ ಮತ್ತು ಹಾಲು ಬೆರೆಸಿ ಕುಡಿಯುವ ಮನೆಯ ಕಷಾಯ ಇದರ ಮುಂದೆ ಎಷ್ಟೋ ಪಟ್ಟು ಸೌಮ್ಯವಾದದ್ದು, ಫಾಂಟಕ್ಕೆ ಹತ್ತಿರವಾದದ್ದು. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಅದು ಕಾಫಿಯ ಜಾಗದಲ್ಲಿ ದಿನವೂ ಕುಡಿಯುವ ಪಾನೀಯ. ಆ ಭಾಗದ ಹವ್ಯಕ ಸಮುದಾಯದ ಮಹಾಸಭೆಯ ಕಚೇರಿಯಿರುವ ಮಲ್ಲೇಶ್ವರದಲ್ಲಿ ಆ ರೂಢಿ ಚೆನ್ನಾಗಿಯೇ ಬೇರೂರಿದೆ. ದಿನವೂ ಕುಡಿಯಬಹುದಾದದ್ದು ಈ ಸೌಮ್ಯ ಪಾನೀಯವೇ ಹೊರತು ಬತ್ತಿಸಿದ ಕ್ವಾಥವಲ್ಲ. ಅದು ವೈದ್ಯರ ಲೆಕ್ಕದ ವಸ್ತು.

ಕೊಳ್ಳುವವರ ಕಣ್ಣಿಗೆ ಹೆಚ್ಚು ಕೆಲಸ ಕೊಡುವುದು ಒಣಶುಂಠಿ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಶುಂಠಿಯನ್ನೇ ಒಳ್ಳೆಯದೆಂದು ಆರಿಸುವುದು ಸಾಮಾನ್ಯ ತಪ್ಪು, ಏಕೆಂದರೆ ಆ ಬಿಳುಪು ಬಹಳ ವೇಳೆ ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ್ದರ ಫಲವಾಗಿದ್ದು, ಬೆರಳಿನಿಂದ ಉಜ್ಜಿದರೆ ಬಿಳಿಯ ಧೂಳು ಅಂಟಿಕೊಳ್ಳುತ್ತದೆ. ಸುಣ್ಣ ಕಾಣದ ಶುಂಠಿ ಮಾಸಲು ಕಂದು, ಸುಕ್ಕುಸುಕ್ಕು, ನೋಡಲು ಬಡಪಾಯಿ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ತೂಕವಿರಬೇಕು. ಹಗುರವಾಗಿ ಸೂಜಿಮೊನೆಯಂಥ ತೂತುಗಳಿದ್ದರೆ ಒಳಗೆ ಹುಳು ತನ್ನ ಪಾಲು ಮುಗಿಸಿದೆ ಎಂದರ್ಥ. ಮುರಿದರೆ ಟಕ್ಕನೆ ಮುರಿದು, ಮುರಿದ ಮುಖದಿಂದ ನಿಂಬೆಯ ಛಾಯೆಯಿರುವ ಖಾರದ ವಾಸನೆ ಏಳಬೇಕು. ಬರೀ ನಾರು ಜೋತುಬಿದ್ದರೆ ಅದು ಅತಿಯಾಗಿ ಬಲಿತದ್ದು. ಹಸಿಶುಂಠಿಯಲ್ಲಿರುವ ಜಿಂಜರಾಲ್ ಎಂಬ ಖಾರದ ಅಂಶದ ಒಂದು ಭಾಗ ಒಣಗುವಾಗ ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಬದಲಾಗುವುದರಿಂದ, ಹಸಿಯ ಬದಲು ಒಣಶುಂಠಿ ಹಾಕುವಾಗ ಅದೇ ಅಳತೆ ಹಾಕಿದವರು ಗಂಟಲು ಉರಿಸಿಕೊಳ್ಳುತ್ತಾರೆ.

ಉಳಿದ ಸಾಮಾನಿನ ಪರೀಕ್ಷೆ ಇಷ್ಟು ಕಷ್ಟದ್ದಲ್ಲ. ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕೈ ಕಪ್ಪಾದರೆ ಅದು ಇದ್ದಿಲ ಪುಡಿ ಹಚ್ಚಿದ ಹುಲ್ಲಿನ ಬೀಜವಾಗಿರಬಹುದು. ಮೆಣಸಿನಲ್ಲಿ ಬೆರೆಸುವ ಪರಂಗಿ ಬೀಜ ನೀರಿನಲ್ಲಿ ತೇಲುತ್ತದೆ, ಜಳ್ಳು ಮೆಣಸೂ ತೇಲುತ್ತದೆ, ಎರಡೂ ಬೇಡದವೇ. ಧನಿಯದ ಬಣ್ಣ ಹಸಿರಿನ ಕಡೆಗೆ ವಾಲಿದ್ದು, ಉಗುರಿನಿಂದ ಒಡೆದಾಗ ವಾಸನೆ ಬಂದರೆ ಸಾಕು. ಚಕ್ಕೆಯ ವಿಷಯ ಮಾತ್ರ ಸ್ವಲ್ಪ ಬೇರೆ: ದಿನಸಿ ಅಂಗಡಿಯಲ್ಲಿ ಸಿಗುವ ದಪ್ಪನೆಯ, ಒಂದೇ ಪದರದ ಗಟ್ಟಿ ತೊಗಟೆ ಕ್ಯಾಸಿಯಾ, ತೆಳುವಾದ ಹಲವು ಪದರಗಳು ಸುರುಳಿಯಾಗಿ ಸುತ್ತಿಕೊಂಡು ಬೆರಳಿಗೇ ಪುಡಿಯಾಗುವುದು ಸಿಂಹಳದ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ, ಹೆಚ್ಚಾದರೆ ಯಕೃತ್ತಿಗೆ ಹಾನಿ ಮಾಡಬಲ್ಲ ಅಂಶ ಗಣನೀಯವಾಗಿರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೂ ಸೇವಿಸಬಹುದಾದ ಕೂಮರಿನ್ ಪ್ರಮಾಣವನ್ನು ದೇಹದ ಪ್ರತಿ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಎಂದು ನಿಗದಿಪಡಿಸಿದ್ದು, 60 ಕಿಲೋ ತೂಕದವರಿಗೆ ಅದು ಸುಮಾರು 2 ಗ್ರಾಂ ಕ್ಯಾಸಿಯಾಕ್ಕೆ ಸಮವಾಗುತ್ತದೆ. ಬಿಸಿಬೇಳೆಬಾತಿಗೆ ಹಾಕುವ ಒಂದು ಚೂರು ಚಕ್ಕೆಗೆ ಈ ಲೆಕ್ಕ ಬೇಡ. 2020ರಲ್ಲಿ ಆಯುಷ್ ಸಚಿವಾಲಯ ಸೂಚಿಸಿದ ಕ್ವಾಥದಲ್ಲಿ ತುಳಸಿ ನಾಲ್ಕು ಪಾಲು, ಶುಂಠಿ ಮತ್ತು ದಾಲ್ಚಿನ್ನಿ ತಲಾ ಎರಡು ಪಾಲು, ಮೆಣಸು ಒಂದು ಪಾಲು, ಎಲ್ಲವೂ ಸೇರಿ ಒಂದು ಸಲಕ್ಕೆ 3 ಗ್ರಾಂ ಪುಡಿ ಎಂದಿತ್ತು. ಅಳತೆ ಬಿಟ್ಟು ದಿನಕ್ಕೆ ನಾಲ್ಕಾರು ಲೋಟ ಕುಡಿಯುವ ಮನೆಗಳಲ್ಲಿ ಮಾತ್ರ ಚಕ್ಕೆಯ ತೂಕ ಯೋಚಿಸಬೇಕಾದ ವಿಷಯವಾಗುತ್ತದೆ.

ಅರಿಶಿನದ ಹಾಲಿನ ಖ್ಯಾತಿಗೆ ಬೆಂಗಳೂರಿನಲ್ಲೇ ನಡೆದ ಒಂದು ಸಂಶೋಧನೆಯ ಕೊಡುಗೆ ದೊಡ್ಡದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಅನ್ನು 2 ಗ್ರಾಂ ಪ್ರಮಾಣದಲ್ಲಿ ಕೊಟ್ಟಾಗ ಅದು ರಕ್ತಕ್ಕೆ ಸೇರುವುದು ಅತ್ಯಲ್ಪವೆಂದೂ, ಜೊತೆಗೆ ಮೆಣಸಿನ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿದರೆ ಅದು ದೇಹಕ್ಕೆ ದಕ್ಕುವ ಪ್ರಮಾಣ ಇಪ್ಪತ್ತು ಪಟ್ಟಿನಷ್ಟು ಏರುತ್ತದೆಂದೂ ಕಂಡುಬಂತು. ಅರಿಶಿನದ ಹಾಲಿಗೆ ಮೆಣಸು ಹಾಕಬೇಕೆಂಬ ಮಾತಿಗೆ ಇದನ್ನೇ ಆಧಾರವಾಗಿ ತೋರಿಸುವವರು ಪ್ರಮಾಣವನ್ನು ಮರೆಯುತ್ತಾರೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸಾಧಾರಣವಾಗಿ ನೂರಕ್ಕೆ ಮೂರರಷ್ಟಾದ್ದರಿಂದ 2 ಗ್ರಾಂ ದೊರೆಯಲು 60 ಗ್ರಾಮಿಗೂ ಹೆಚ್ಚು ಅರಿಶಿನ ಬೇಕಾಗುತ್ತದೆ, ಲೋಟಕ್ಕೆ ಬೀಳುವುದು ಒಂದು ಚಿಟಿಕೆ. ಬಿಸಿ ಹಾಲು ರಾತ್ರಿಯ ಗಂಟಲಿಗೆ ಹಿತವಾಗಿರುವುದಕ್ಕೆ ಇಷ್ಟು ದೊಡ್ಡ ಸಾಕ್ಷಿಯ ಅಗತ್ಯವೂ ಇಲ್ಲ. ಆದರೆ ಅದೇ ಪೈಪರಿನ್ ಕೆಲವು ಔಷಧಿಗಳೂ ರಕ್ತಕ್ಕೆ ಹೆಚ್ಚಾಗಿ ಸೇರುವಂತೆ ಮಾಡುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಅಂಥದ್ದೊಂದು. ಹಾಗೆಯೇ ಕೆಮ್ಮಿಗೆ ಹಿತವೆಂದು ಬಾಯಲ್ಲಿಟ್ಟುಕೊಳ್ಳುವ ಅತಿಮಧುರದ ಕಡ್ಡಿಯನ್ನು ವಾರಗಟ್ಟಲೆ ಮುಂದುವರಿಸಿದರೆ ಅದರ ಗ್ಲಿಸಿರೈಜಿನ್ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುತ್ತದೆ. ಬೀಪಿ ಮಾತ್ರೆ ನುಂಗುವ ಹಿರಿಯರಿರುವ ಮನೆಯಲ್ಲಿ ಈ ಸಿಹಿ ಬೇರು ಎರಡು ದಿನದ ಅತಿಥಿಯಾಗಿದ್ದರೆ ಮೇಲು.

ಗಿಡದ ಗುರುತು ತಪ್ಪಿದರೆ ಆಗುವ ಅನಾಹುತಕ್ಕೆ ಅಮೃತಬಳ್ಳಿ ಉದಾಹರಣೆ. ಕೋವಿಡ್ ಕಾಲದಲ್ಲಿ ಕಾಂಪೌಂಡಿಗೆ ಹಬ್ಬಿದ ಬಳ್ಳಿಯನ್ನೆಲ್ಲ ಕಡಿದು ಕುದಿಸಿದವರಿದ್ದರು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವು ರೋಗಿಗಳಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದಾಗ, ಆಯುಷ್ ಸಚಿವಾಲಯವು ಅದೇ ಕುಲದ, ಮೈತುಂಬ ಗಂಟುಗಳಿರುವ ಬೇರೊಂದು ಬಳ್ಳಿಯೊಂದಿಗೆ ಗೊಂದಲವಾಗಿರಬಹುದೆಂದು ಉತ್ತರಿಸಿತು. ಆ ವಾದ ಇನ್ನೂ ಮುಂದುವರಿದಿದ್ದರೂ, ಗುರುತು ಬಲ್ಲವರು ತೋರಿಸಿಕೊಡದ ಬಳ್ಳಿಯನ್ನು ಒಲೆಗೆ ಹಾಕಬಾರದೆಂಬುದರಲ್ಲಿ ಎರಡೂ ಪಕ್ಷಕ್ಕೆ ಒಪ್ಪಿಗೆಯಿದೆ. ತಂಬುಳಿಗೆ ಹೋಗುವ ಒಂದೆಲಗ, ದೊಡ್ಡಪತ್ರೆಗಳ ವಿಷಯದಲ್ಲಿ ಈ ಭಯವಿಲ್ಲ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಸೊಪ್ಪು ಕೊಂಡವರು ಚರಂಡಿಯ ಅಂಚಿನಲ್ಲಿ ಬೆಳೆದಿರಬಹುದಾದ ಒಂದೆಲಗವನ್ನು ಎರಡು ಮೂರು ನೀರಿನಲ್ಲಿ ತೊಳೆದರೆ ಸಾಕು.

ಹಸುಗೂಸುಗಳ ವಿಷಯದಲ್ಲಿ ಮಾತ್ರ ಹಳೆಯ ರೂಢಿಯನ್ನು ಬಿಟ್ಟುಕೊಡುವುದೇ ಸರಿ. ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವ ಪದ್ಧತಿ ಎಷ್ಟು ಅಕ್ಕರೆಯದಾದರೂ, ಬಜೆಯ ಎಣ್ಣೆಯಲ್ಲಿರುವ ಬೀಟಾ-ಆಸರೋನ್ ಎಂಬ ಅಂಶ ಪ್ರಾಣಿಗಳಲ್ಲಿ ಗೆಡ್ಡೆ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಜಾಯಿಕಾಯಿ ಹೆಚ್ಚಾದರೆ ಮಗು ಮಂಪರಿಗೆ ಜಾರುತ್ತದೆ, ಅದನ್ನು ಒಳ್ಳೆಯ ನಿದ್ದೆಯೆಂದು ಮೆಚ್ಚಿಕೊಳ್ಳುವ ಅಪಾಯವೂ ಇದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪವೂ ಸಲ್ಲದು, ಏಕೆಂದರೆ ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳನ್ನು ತಡೆಯುವ ಶಕ್ತಿ ಆ ವಯಸ್ಸಿನ ಕರುಳಿಗೆ ಇರುವುದಿಲ್ಲ. ದೊಡ್ಡವರಲ್ಲೂ ಮಳೆಗಾಲದ ಜ್ವರ ಎರಡು ದಿನ ಮೀರಿದರೆ ಡೆಂಗಿಯ ರಕ್ತಪರೀಕ್ಷೆ ಮೊದಲು, ಕಷಾಯ ಆಮೇಲೆ.

ಇನ್ನು ಪುಡಿಯ ಮಾತು. ಎರಡು ಪಾಲು ಧನಿಯಕ್ಕೆ ಒಂದು ಪಾಲು ಜೀರಿಗೆ, ಕಾಲು ಪಾಲು ಮೆಣಸು, ಅಷ್ಟೇ ಶುಂಠಿ, ಕಹಿ ತಲೆ ಎತ್ತದಷ್ಟು ಮೆಂತ್ಯ ಎಂಬುದು ದಿನಬಳಕೆಗೆ ಹದವಾದ ಅಳತೆ. ಶುಂಠಿಯನ್ನು ಕುಟ್ಟಿ ಕೊನೆಗೆ ಸೇರಿಸಿ, ಉಳಿದವನ್ನು ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಬೆಚ್ಚಗೆ ಮಾಡಬೇಕೇ ಹೊರತು ಸಾರಿನ ಪುಡಿಯಂತೆ ಕೆಂಪಗೆ ಹುರಿಯಬಾರದು, ಏಕೆಂದರೆ ಪರಿಮಳವೆಲ್ಲ ಹಾರಿಹೋಗುವ ಎಣ್ಣೆಯಲ್ಲೇ ಇದೆ. ತಿಂಗಳಿಗಾಗುವಷ್ಟು ಮಾತ್ರ ಮಾಡಿ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಕ್ಷೇಮ. ಬೆಲ್ಲವನ್ನು ನೀರಿನಲ್ಲೇ ಕರಗಿಸಿ ಸೋಸಿ, ಒಲೆಯಿಂದ ಇಳಿಸಿದ ಮೇಲೆ ಬಿಸಿ ಹಾಲು ಬೆರೆಸಿದರೆ ಹಾಲು ಒಡೆಯುವುದು ತಪ್ಪುತ್ತದೆ. ಇಷ್ಟಕ್ಕೂ ಪುರುಸೊತ್ತಿಲ್ಲದೆ ಸಿದ್ಧ ಪುಡಿಯನ್ನೇ ಕೊಳ್ಳುವವರು ಪೊಟ್ಟಣದ ಮುಂದಿನ ತುಳಸಿಯ ಚಿತ್ರವನ್ನು ಬಿಟ್ಟು ಹಿಂದಿನ ಪಟ್ಟಿಯನ್ನು ಓದಬೇಕು. ನಿಯಮದ ಪ್ರಕಾರ ಅಲ್ಲಿ ಹೆಸರುಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ, ಆದ್ದರಿಂದ ಮೊದಲ ಹೆಸರು ಸಕ್ಕರೆ ಅಥವಾ ಬೆಲ್ಲ ಆಗಿದ್ದರೆ ಕಷಾಯದ ಬೆಲೆಗೆ ಕೊಂಡದ್ದು ಬಹುಪಾಲು ಅದನ್ನೇ.