ಮೋಟಾರು ನಿಜವಾಗಿ ಓಡಿತೇ?

ಹಾಸನ ಜಿಲ್ಲೆಯ ಬೂವನಹಳ್ಳಿ ಸುತ್ತಮುತ್ತ, ಚನ್ನರಾಯಪಟ್ಟಣದ ತೆಂಗಿನ ತೋಟಗಳಿಂದ ಅರಕಲಗೂಡಿನವರೆಗೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಪಾಳಿಯಲ್ಲಿ. ರಾತ್ರಿ ಪಾಳಿಯಾದರೆ ಟಾರ್ಚ್ ಹಿಡಿದು ಸ್ಟಾರ್ಟರ್ ಪೆಟ್ಟಿಗೆಯವರೆಗೆ ನಡೆಯಬೇಕು. ಬೋರ್ಡು, ವೈರು ಜೋಡಿಸಿ ಸ್ವಿಚ್ಚುಗಳನ್ನು ಫೋನಿನಿಂದ ಆಡಿಸುವ ಹವ್ಯಾಸದ ಬೆಲೆಯನ್ನು ಇಲ್ಲಿ ಅಳೆಯಬೇಕಾದ್ದು ಈ ನಡಿಗೆಯಿಂದ. ಮಾತು ಕೇಳಿ ಬಣ್ಣ ಬದಲಿಸುವ ಬಲ್ಬು ಆಮೇಲೆ.

ಸಾಮಾನು ಈಗ ಅಗ್ಗ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡು ಹವ್ಯಾಸಿಗಳಿಗೆ ದಾರಿ ತೆರೆಯಿತು. 2014ರಲ್ಲಿ ಬಂದ ಇಎಸ್‌ಪಿ8266 ಚಿಪ್ಪು ವೈಫೈಯನ್ನೂ ಕೆಲವೇ ನೂರು ರೂಪಾಯಿಗೆ ಸಿಗುವಂತೆ ಮಾಡಿತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರು ಬೇಕಾದ್ದೆಲ್ಲ ಒಂದೇ ಚೀಲದಲ್ಲಿ ತರಬಹುದು.

ತೊಡಕಿರುವುದು ಜೋಡಣೆಯಲ್ಲಿ. ಹವ್ಯಾಸಿಗಳು ಬಳಸುವ ಪುಟ್ಟ ನೀಲಿ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ತೋಟದ ಅನೇಕ ಸ್ಟಾರ್ಟರುಗಳ ಕಾಯಿಲ್ 415 ವೋಲ್ಟಿನದು. ಅದಕ್ಕೂ ಈ ರಿಲೇ ತಡೆಯದು. ತಕ್ಕ ರೇಟಿಂಗಿನ ರಿಲೇಯೊಂದು ಸ್ಟಾರ್ಟರಿನ ಹಸಿರು ಗುಂಡಿ ಒತ್ತುವ ಕೆಲಸವನ್ನಷ್ಟೇ ಮಾಡಬೇಕು. ಓವರ್‌ಲೋಡ್ ರಕ್ಷಣೆಯನ್ನು, ಒಂದು ಫೇಸ್ ಹೋದಾಗ ಮೋಟಾರನ್ನು ಕಾಯುವ ಸಿಂಗಲ್ ಫೇಸಿಂಗ್ ತಡೆಯನ್ನು ಮುಟ್ಟಲೇಬಾರದು. ಆಟೊ ಸ್ಟಾರ್ಟರ್ ಮಾಡುವವರು ಇನ್ನೊಂದನ್ನು ಮರೆಯುತ್ತಾರೆ: ಕರೆಂಟು ಬಂದ ಗಳಿಗೆಯಲ್ಲೇ ಊರಿನ ಮೋಟಾರೆಲ್ಲ ಒಟ್ಟಿಗೆ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ತಾಳುವುದಿಲ್ಲ. ಒಬ್ಬೊಬ್ಬರದು ಒಂದೊಂದು ನಿಮಿಷ ತಡವಾಗಿ ಹೊರಡುವಂತೆ ಬರೆಯಲು ಪ್ರೋಗ್ರಾಮಿನ ಒಂದೆರಡು ಸಾಲು ಸಾಕು.

ಮನೆಯ ಟ್ಯಾಂಕಿನಲ್ಲೂ ಸರಳವಾದದ್ದೇ ಬಾಳುತ್ತದೆ. ನೀರಿಗೆ ಇಳಿಬಿಟ್ಟ ತಂತಿಗಳಲ್ಲಿ ಸದಾ ಡಿಸಿ ಹರಿಸಿದರೆ ತುದಿ ಸವೆಯುತ್ತದೆ. ಅಲ್ಟ್ರಾಸಾನಿಕ್ ಸೆನ್ಸರಿನ ಮೇಲೆ ಹಬೆಯ ಹನಿ ಕೂತರೆ ಅಳತೆ ತಪ್ಪುತ್ತದೆ. ಹಳೆಯ ಫ್ಲೋಟ್ ಸ್ವಿಚ್ಚೇ ಮೇಲು.

ಈ ಹವ್ಯಾಸದ ದೊಡ್ಡ ಕೊರತೆ ಬೇರೆಯದೇ. ಫೋನಿನ ಪರದೆ ‘ಆನ್’ ಎನ್ನುತ್ತದೆ. ಮೋಟಾರು ಓಡಿತೇ, ನೀರು ಬಂತೇ ಎಂದು ಹೇಳುವುದಿಲ್ಲ. ಹಾಸನದಲ್ಲೇ ಇರುವ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನಡೆಸುತ್ತಿದೆ. ಅಲ್ಲಿ ಆದೇಶ ಕಳಿಸುವುದು ಅರ್ಧ ಕೆಲಸ, ಉಪಗ್ರಹ ಮರಳಿ ಕಳಿಸುವ ಮಾಹಿತಿಯನ್ನು ಓದುವುದು ಉಳಿದರ್ಧ. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ, ಮೊಬೈಲಿನಿಂದ ಪಂಪು ನಡೆಸುವ ‘ನ್ಯಾನೊ ಗಣೇಶ್’ ಸಾಧನವೂ ಹೀಗೆ ಮರಳಿ ಮಾಹಿತಿ ಕೊಡುತ್ತದೆ: ತೋಟದಲ್ಲಿ ಕರೆಂಟು ಇದೆಯೇ ಎಂಬುದನ್ನೂ ಅದು ಮೊಬೈಲಿಗೇ ತಿಳಿಸುತ್ತದೆ.

ಇಡೀ ಜೋಡಣೆಯ ಹಿಡಿತ ಮನೆಯಲ್ಲೇ ಇರುವುದೂ ಮುಖ್ಯ. ಮನೆಯ ಸ್ವಿಚ್ಚುಗಳನ್ನು ನಡೆಸುವ, 2013ರಲ್ಲಿ ಶುರುವಾದ ‘ಹೋಮ್ ಅಸಿಸ್ಟೆಂಟ್’ ತಂತ್ರಾಂಶವನ್ನು ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಓಡಿಸಿದರೆ ಇಂಟರ್ನೆಟ್ ಹೋದಾಗಲೂ ಮನೆಯ ಕೆಲಸ ನಿಲ್ಲದು. ಹಳ್ಳಿಗೆ ಹೊಂದುವುದು ಈ ದಾರಿಯೇ. ಜೋಡಿಸಿದ ಹುಡುಗ ಬೆಂಗಳೂರಿಗೆ ಹೊರಟುಹೋದ ಮೇಲೂ ಅವನ ಅಜ್ಜಿ ಗೋಡೆಯ ಸ್ವಿಚ್ಚು ಒತ್ತಿ ದೀಪ ಹಚ್ಚುವಂತಿರಬೇಕು.

ಹೊಸದಾಗಿ ಕೈಹಾಕುವವರಲ್ಲಿ ಒಂದು ವಿನಂತಿ: ಎರಡನೆಯ ರಿಲೇ ಕೊಳ್ಳುವ ಮೊದಲು ಮೋಟಾರು ಓಡಿತೇ ಎಂದು ತಿಳಿಸುವ ಒಂದು ಕರೆಂಟ್ ಸೆನ್ಸರ್ ಕೊಳ್ಳಿ, ಮೇನ್ ಆಫ್ ಮಾಡಿಯೇ ಪೆಟ್ಟಿಗೆ ತೆರೆಯಿರಿ, ಸ್ಟಾರ್ಟರಿನ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.